ಮುಂದಿನ ಗಾಜು ಸೀಳಿದಾಗ: ಕ್ಲೇಮ್ ಮಾಡುವ ಮುನ್ನ ಒಂದು ಲೆಕ್ಕ

20 ಎಂ.ಎಂ. ಜಲ್ಲಿಯ ಒಂದು ಕಲ್ಲು ಸುಮಾರು 10 ಗ್ರಾಂ ತೂಗುತ್ತದೆ. ಟಾರ್ಪಾಲು ಹೊದಿಸದ ಟಿಪ್ಪರ್‌ನಿಂದ ಅದು ಉದುರಿ, ರಸ್ತೆಯಿಂದ ಪುಟಿದು, ಗಂಟೆಗೆ 60 ಕಿ.ಮೀ. ವೇಗದ ಕಾರಿನ ಗಾಜಿಗೆ ಬಡಿದರೆ ಪೆಟ್ಟಿನ ಶಕ್ತಿ 1.4 ಜೌಲ್. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗಿರುವ ಗರಿಷ್ಠ ಮಿತಿ 100 ಕಿ.ಮೀ. ಆ ವೇಗದಲ್ಲಿ ಅದೇ ಕಲ್ಲಿನ ಪೆಟ್ಟು 3.9 ಜೌಲ್. ವೇಗ ಎರಡು ಪಟ್ಟೂ ಆಗಿಲ್ಲ, ಪೆಟ್ಟು ಮೂರು ಪಟ್ಟಿನ ಹತ್ತಿರ ಬಂತು. ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿನ ಟಿಪ್ಪರ್ 60ರಲ್ಲಿ, ಕಾರೂ 60ರಲ್ಲಿ ಇದ್ದು, ಕಲ್ಲು ಟಿಪ್ಪರ್‌ನ ವೇಗದಲ್ಲೇ ಹಾರಿಬಂದರೆ 5.6 ಜೌಲ್. ಕ್ರಷರ್‌ಗಳಿರುವ ತಾಲ್ಲೂಕಿನ ರಸ್ತೆಯಲ್ಲಿ ನಿಧಾನವಾಗಿ ಹೋಗುವವರ ಗಾಜೂ ಯಾಕೆ ಸೀಳುತ್ತದೆ ಎಂಬುದಕ್ಕೆ ಉತ್ತರ ಈ ಅಂಕಿಯಲ್ಲಿದೆ.

ಮುಂದಿನ ಗಾಜು ಒಂದೇ ಹಾಳೆಯಲ್ಲ. ತಲಾ 2.1 ಮಿ.ಮೀ. ದಪ್ಪದ ಎರಡು ಗಾಜುಗಳು, ನಡುವೆ 0.76 ಮಿ.ಮೀ.ನ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ, ಒಟ್ಟು ಸುಮಾರು 5 ಮಿ.ಮೀ. ಇದು ಸಾಮಾನ್ಯ ರಚನೆ. ಸಣ್ಣ ಕಾರಿನಲ್ಲಿ 1.1 ಚದರ ಮೀಟರ್ ಎಂದು ಹಿಡಿದರೆ ತೂಕ 12 ಕೆ.ಜಿ.ಯಷ್ಟಾಗುತ್ತದೆ. ಕಲ್ಲೇಟಿಗೆ ಹೆಚ್ಚಾಗಿ ಒಡೆಯುವುದು ಹೊರಗಿನ ಗಾಜು ಮಾತ್ರ. ರಿಪೇರಿ ಸಾಧ್ಯವಾಗುವುದೂ ಅದಕ್ಕೇ.

ಚಕ್ಕೆ ಎದ್ದ ಗಾಜಿಗೆ ಕಲ್ಲಿಗಿಂತ ದೊಡ್ಡ ಶತ್ರು ಬಿಸಿಲು. ಗಾಜು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಒಂಬತ್ತು ಪಾಲು ಹಿಗ್ಗುತ್ತದೆ. 1.4 ಮೀಟರ್ ಅಗಲದ ಗಾಜಿನಲ್ಲಿ 30 ಡಿಗ್ರಿ ವ್ಯತ್ಯಾಸವಾದರೆ 0.38 ಮಿ.ಮೀ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿದವರು ಎ.ಸಿ.ಯನ್ನು ಪೂರ್ತಿ ಏರಿಸಿ ಗಾಜಿನತ್ತ ತಿರುಗಿಸುತ್ತಾರೆ. ಒಳಗಿನ ಗಾಜು ಕುಗ್ಗತೊಡಗುತ್ತದೆ, ಹೊರಗಿನದು ಹಿಗ್ಗಿಯೇ ಇರುತ್ತದೆ. ಆ ಎಳೆದಾಟವೆಲ್ಲ ಬಂದು ಸೇರುವುದು ಚಕ್ಕೆಯ ತುದಿಯಲ್ಲಿ. ಬೆಳಿಗ್ಗೆ ಗುಂಡಿಯಷ್ಟಿದ್ದ ಗುರುತು ಸಂಜೆಗೆ ಗೇಣುದ್ದವಾಗುವುದು ಹೀಗೆ.

ಆದ್ದರಿಂದ ಚಕ್ಕೆ ಎದ್ದ ದಿನವೇ ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ದೂಳು-ನೀರು ಒಳಗಿಳಿಯದಂತೆ ನೋಡಿಕೊಂಡು, ಬೇಗ ಗ್ಲಾಸ್ ಅಂಗಡಿಗೆ ಹೋಗಬೇಕು. ರೆಸಿನ್ ತುಂಬಿ ಯುವಿ ದೀಪದಲ್ಲಿ ಗಟ್ಟಿ ಮಾಡುವುದು ಹೆಚ್ಚೆಂದರೆ ಒಂದು ಗಂಟೆಯ ಕೆಲಸ, ಖರ್ಚು ಹೊಸ ಗಾಜಿನ ಬಿಲ್ಲಿನ ಒಂದು ಸಣ್ಣ ಪಾಲು. ಗುರುತು ಪೂರ್ತಿ ಮಾಯವಾಗುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ. 25 ಮಿ.ಮೀ. ಒಳಗಿನ ಚಕ್ಕೆಗೆ ಇದು ಸಾಕು. ಅಂಚಿಗೆ ತಲುಪಿದ ಸೀಳಿಗೆ, ಒಳಗಿನ ಗಾಜೂ ಒಡೆದಿದ್ದರೆ, ಚಾಲಕನ ಕಣ್ಣೆದುರೇ ಇದ್ದರೆ ಸಾಲದು. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಸ್ಟೀರಿಂಗ್ ನೇರಕ್ಕೆ 290 ಮಿ.ಮೀ. ಅಗಲದ ಪಟ್ಟಿಯೊಳಗೆ 10 ಮಿ.ಮೀ. ಮೀರಿದ ಹಾನಿಯಿದ್ದರೆ ಕಾರು ಫೇಲ್. ವೈಪರ್ ಒರೆಸುವ ಉಳಿದ ಜಾಗದಲ್ಲಿ 40 ಮಿ.ಮೀ.ವರೆಗೆ ವಿನಾಯಿತಿ. ನಮ್ಮ ಕಾರಿಗೂ ಈ ಅಳತೆಗೋಲು ಹಿಡಿದು ನೋಡಬಹುದು.

ಗಾಜು ಬದಲಿಸಲೇಬೇಕಾಗಿ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಮಾಡಿ.’ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದವರಿಗೆ ಆ ದಾರಿಯೇ ಇಲ್ಲ. ಪೂರ್ಣ ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಕಡಿತ ಸೊನ್ನೆ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗಾದರೆ ಶೇ 50. ಅಂದರೆ ಗಾಜಿನ ಸಲುವಾಗಿ ‘ಝೀರೋ ಡೆಪ್’ ಬೇಕಿಲ್ಲ, ಬೀಡಿಂಗ್‌ಗಷ್ಟೇ ಅದರ ಉಪಯೋಗ. ಕಡ್ಡಾಯವಾಗಿ ಕೈಯಿಂದ ಹಾಕಬೇಕಾದದ್ದು 1500 ಸಿ.ಸಿ.ವರೆಗಿನ ಕಾರಿಗೆ ₹1,000, ಅದಕ್ಕಿಂತ ದೊಡ್ಡದಕ್ಕೆ ₹2,000. ಇಷ್ಟೇ ನೋಡಿದರೆ ಕ್ಲೇಮ್ ಲಾಭವೇ.

ಕಾಣದ ಖರ್ಚು ನೋ ಕ್ಲೇಮ್ ಬೋನಸ್‌ನಲ್ಲಿದೆ. ಕ್ಲೇಮ್ ಇಲ್ಲದ ವರ್ಷಗಳಿಗೆ ಕ್ರಮವಾಗಿ ಶೇ 20, 25, 35, 45, 50 ರಿಯಾಯಿತಿ. ಒಂದು ಕ್ಲೇಮ್ ಆದರೆ ಮತ್ತೆ ಸೊನ್ನೆಯಿಂದ ಆರಂಭ. ನಷ್ಟ ಒಂದೇ ವರ್ಷದ್ದಲ್ಲ, ಮತ್ತೆ ಮೇಲಿನ ಮೆಟ್ಟಿಲು ಹತ್ತುವವರೆಗಿನದು. ಶೇ 50 ಇದ್ದವರು ಮುಂದಿನ ಐದು ನವೀಕರಣಗಳಲ್ಲಿ ಕಳೆದುಕೊಳ್ಳುವುದು 50, 30, 25, 15, 5. ಒಟ್ಟು ಶೇ 125. ಹೀಗೇ ಕೂಡಿದರೆ ಈಗ ಶೇ 35 ಇರುವವರಿಗೆ 120, ಶೇ 25 ಇರುವವರಿಗೆ 105, ಶೇ 20 ಇರುವವರಿಗೆ 80, ಮೊದಲ ವರ್ಷದ ಪಾಲಿಸಿಯವರಿಗೆ 50. ಇದು ರಿಯಾಯಿತಿ ಕಳೆಯುವ ಮುಂಚಿನ ‘ಓನ್ ಡ್ಯಾಮೇಜ್’ ಪ್ರೀಮಿಯಂನ ಶೇಕಡಾವಾರು. ಅದರ ಮೇಲೆ ಶೇ 18 ಜಿಎಸ್‌ಟಿ.

ರೂಪಾಯಿಗೆ ಇಳಿಸೋಣ. ಪ್ರೀಮಿಯಂ ₹10,000, ಗಾಜಿನ ಬಿಲ್ಲು ₹9,000 ಎಂದಿಟ್ಟುಕೊಳ್ಳಿ. ₹1,000 ಕಳೆದು ಕಂಪನಿ ಕೊಡುವುದು ₹8,000. ಮೊದಲ ವರ್ಷದವರು ಬೋನಸ್‌ನಲ್ಲಿ ಕಳೆದುಕೊಳ್ಳುವುದು ₹5,900, ಆದ್ದರಿಂದ ಕ್ಲೇಮ್‌ನಿಂದ ₹2,100 ಉಳಿತಾಯ. ಶೇ 25ರವರು ಕಳೆದುಕೊಳ್ಳುವುದು ₹12,390, ಶೇ 50ರವರು ₹14,750. ಎಂಟು ಸಾವಿರ ಪಡೆಯಲು ಹದಿನಾಲ್ಕು ಮುಕ್ಕಾಲು ಸಾವಿರ ತೆತ್ತಂತೆ! ಕಾರು ಹಳತಾಗಿ ಪ್ರೀಮಿಯಂ ವರ್ಷಕ್ಕೆ ಶೇ 10ರಂತೆ ಇಳಿದರೂ ಶೇ 50ರವರ ನಷ್ಟ ₹13,150ರ ಸುತ್ತಮುತ್ತ ನಿಲ್ಲುತ್ತದೆ. ಬೋನಸ್ ತುದಿಯಲ್ಲಿರುವವರಿಗೆ ನನ್ನ ಸಲಹೆ: ಬಿಲ್ಲು ಪ್ರೀಮಿಯಂನ ಒಂದೂವರೆ ಪಟ್ಟು ಮೀರದಿದ್ದರೆ ಕೈಯಿಂದಲೇ ಕೊಡಿ. ಗಾಜಿನ ಹಿಂದೆ ಕ್ಯಾಮೆರಾ ಇರುವ ಕಾರುಗಳಲ್ಲಿ ಗಾಜೂ ದುಬಾರಿ, ಕ್ಯಾಮೆರಾ ಮರುಹೊಂದಿಕೆಯ ಖರ್ಚೂ ಸೇರುತ್ತದೆ. ಅಲ್ಲಿ ಕ್ಲೇಮ್ ಮಾಡುವುದೇ ಸರಿ. ಅದೇ ವರ್ಷ ಬೇರೊಂದು ಕ್ಲೇಮ್ ಆಗಿದ್ದರೂ ಅಷ್ಟೆ, ಬೋನಸ್ ಹೇಗೂ ಹೋಗಿರುತ್ತದೆ. ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ ಕೊಂಡಿದ್ದರೆ ಅದರ ಷರತ್ತು ಓದಿ ನೋಡಿ.

ಚಾಲಕನ ತಪ್ಪೇ ಇಲ್ಲದ ಕಲ್ಲೇಟಿಗೆ ಐದು ವರ್ಷದ ಬೋನಸ್ ಕಸಿಯುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಗಾಜಿನ ಕ್ಲೇಮ್ ಅನ್ನು ಈ ಮೆಟ್ಟಿಲಿನಿಂದ ಹೊರಗಿಡಬೇಕು.

ಪಕ್ಕದ ಬಾಗಿಲಿನ ಗಾಜಿನ ಕಥೆ ಬೇರೆ. ಸಾಮಾನ್ಯವಾಗಿ ಅದು 3ರಿಂದ 4 ಮಿ.ಮೀ. ದಪ್ಪದ, ಕಾಯಿಸಿ ಥಟ್ಟನೆ ತಣಿಸಿದ ಗಟ್ಟಿ ಗಾಜು. ಒಡೆದರೆ ಪೂರ್ತಿ ಪುಡಿಯಾಗುತ್ತದೆ, ರಿಪೇರಿಯ ಪ್ರಶ್ನೆಯಿಲ್ಲ. ಏರದೆ ಇಳಿಯದೆ ಹಟ ಹಿಡಿದ ಪವರ್ ವಿಂಡೋಗೆ ವಿಮೆಯಿಂದ ಬಿಡಿಗಾಸೂ ಸಿಗದು, ಯಾಂತ್ರಿಕ ಮತ್ತು ವಿದ್ಯುತ್ ದೋಷ ಸಾಮಾನ್ಯ ಪಾಲಿಸಿಯಿಂದ ಹೊರಗೆ. ಮೋಟಾರ್ ಹೋಗಿದೆ ಎಂದು ಒಪ್ಪುವ ಮೊದಲು ಫ್ಯೂಸ್, ಸ್ವಿಚ್, ದೂಳು ಕಟ್ಟಿದ ರಬ್ಬರ್ ಚಾನೆಲ್ ಮೂರನ್ನೂ ನೋಡಿಸಿ.

ಹೊಸ ಗಾಜು ಕೂರಿಸುವಾಗ ಮೂಲೆಯಲ್ಲಿ ಐಎಸ್‌ಐ ಗುರುತು, ಐಎಸ್ 2553 ಸಂಖ್ಯೆ ಇದೆಯೇ ನೋಡಿ. ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜುಗಳಲ್ಲಿ ಕನಿಷ್ಠ ಶೇ 70, ಪಕ್ಕದವುಗಳಲ್ಲಿ ಶೇ 50 ಬೆಳಕು ಹಾಯಬೇಕು. ಅಂಟು ಗಟ್ಟಿಯಾಗಲು ಅಂಗಡಿಯವರು ಹೇಳಿದಷ್ಟು ಗಂಟೆ ಕಾರು ಅಲ್ಲೇ ಇರಲಿ. ಅನೇಕ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಆನಿಕೊಳ್ಳುವುದು ಇದೇ ಗಾಜಿಗೆ. ಹಳೆಯ ಗಾಜಿನಿಂದ ಕಿತ್ತ ಫಾಸ್ಟ್ಯಾಗ್ ಮತ್ತೆ ಕೆಲಸ ಮಾಡದು. ಹೊಸದಕ್ಕೆ ಅಂದೇ ಅರ್ಜಿ ಹಾಕಿ. ಟ್ಯಾಗ್ ಇಲ್ಲದೆ ಟೋಲ್‌ಗೆ ಹೋದರೆ ಯುಪಿಐಗೆ 1.25 ಪಟ್ಟು ಶುಲ್ಕ.