ಟರ್ಮಿನಲ್‌ನಲ್ಲಿ ಚನ್ನಗಿರಿ ಎಷ್ಟು ಅಕ್ಷರ?

ಚನ್ನಗಿರಿ ಎಂದು ಬರೆದರೆ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಜಗಳೂರೂ ನಾಲ್ಕು. ಹೊನ್ನಾಳಿ, ನ್ಯಾಮತಿ ಮೂರು ಮೂರು. ಇದೇ ಹೆಸರುಗಳನ್ನು ಲಿನಕ್ಸ್ ಟರ್ಮಿನಲ್‌ನಲ್ಲಿ ‘ಪ್ರಿಂಟ್‌ಎಫ್’ ಕಮಾಂಡಿಗೆ ಕೊಟ್ಟು, ಬಂದದ್ದನ್ನು ‘ಡಬ್ಲ್ಯೂಸಿ’ ಎಂಬ ಎಣಿಕೆಯ ಕಮಾಂಡಿಗೆ ದಾಟಿಸಿ ನೋಡಿ. ಬೈಟ್ ಲೆಕ್ಕದಲ್ಲಿ ಚನ್ನಗಿರಿ 24, ಹೊನ್ನಾಳಿ 24, ನ್ಯಾಮತಿ 21, ಜಗಳೂರು 18. ಕಾರಣ ಸರಳ. ಯುನಿಕೋಡ್‌ನಲ್ಲಿ ವ್ಯಂಜನ, ಗುಣಿತದ ಚಿಹ್ನೆ, ಹಲಂತ ಎಲ್ಲವೂ ಬೇರೆ ಬೇರೆ ಸಂಕೇತಗಳು. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಚನ್ನಗಿರಿಯಲ್ಲಿ ಅಂಥ ಸಂಕೇತಗಳು ಎಂಟು.

ಕಣ್ಣಿಗೆ ಕಾಣುವ ಅಕ್ಷರ, ಒಳಗಿರುವ ಸಂಕೇತ, ಡಿಸ್ಕ್‌ನಲ್ಲಿ ಕೂತ ಬೈಟ್ ಎಂಬ ಈ ಮೂರು ಲೆಕ್ಕಗಳಲ್ಲಿ ಯಾವುದೋ ಪ್ರೋಗ್ರಾಂ ಒಂದನ್ನು ಇನ್ನೊಂದೆಂದು ಭಾವಿಸಿದಾಗಲೇ ಟರ್ಮಿನಲ್‌ನಲ್ಲಿ ಕನ್ನಡ ಕೆಡುವುದು. ಇದನ್ನು ಗುರುತಿಸಲು ದೊಡ್ಡ ಎಂಜಿನಿಯರ್ ಆಗಬೇಕಿಲ್ಲ. ಯಾರೂ ಹೇಳಿಕೊಡುವುದಿಲ್ಲ ಎಂಬುದಷ್ಟೇ ತೊಡಕು.

ಈ ನಾಲ್ಕು ತಾಲ್ಲೂಕುಗಳ ಊರುಗಳಿಂದ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದಲು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವ ಹುಡುಗ ಹುಡುಗಿಯರು ಕಪ್ಪು ಪರದೆಯನ್ನು ಮೊದಲು ನೋಡುವುದು ಸಾಮಾನ್ಯವಾಗಿ ಯುನಿಕ್ಸ್ ಲ್ಯಾಬಿನಲ್ಲಿ. ಸುಮಿತಾಭ ದಾಸ್ ಅವರ ದಪ್ಪ ಪುಸ್ತಕದ ಕಮಾಂಡುಗಳು ಪರೀಕ್ಷೆಗೆ ಬಾಯಿಪಾಠವಾಗುತ್ತವೆ. ಆದರೆ ಸ್ವಂತ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಹಾಕಿಕೊಳ್ಳಲು ಹೋಗಿ ‘ಕಮಾಂಡ್ ನಾಟ್ ಫೌಂಡ್’ ಎಂದು ಬಂದಾಗ ಆ ಬಾಯಿಪಾಠ ಕೈಹಿಡಿಯುವುದಿಲ್ಲ. ಆಗ ಸಿಗುವ ಸಲಹೆ ಎರಡೇ: ಫಾರ್ಮ್ಯಾಟ್ ಮಾಡು, ಫೈಲಿಗೆ ಕನ್ನಡದಲ್ಲಿ ಹೆಸರಿಡಬೇಡ. ಎರಡನ್ನೂ ನಾನು ಒಪ್ಪುವುದಿಲ್ಲ.

ಎಲ್ಲಿ ಹುಡುಕಿತು ಎಂದು ಕೇಳಿ

ನಾವು ಟೈಪ್ ಮಾಡಿದ್ದನ್ನು ಓದಿ, ಯಾವ ಪ್ರೋಗ್ರಾಂ ಬೇಕೆಂದು ಅರ್ಥ ಮಾಡಿಕೊಂಡು ಅದನ್ನು ಚಾಲನೆ ಮಾಡುವುದು ಶೆಲ್‌ನ ಕೆಲಸ. ಯುನಿಕ್ಸ್‌ನ ಮೊದಲ ಶೆಲ್ ಅನ್ನು ಕೆನ್ ಥಾಂಪ್ಸನ್ 1971ರಲ್ಲಿ ಬರೆದರು. ಇಂದು ಬಹುತೇಕ ಲಿನಕ್ಸ್‌ಗಳಲ್ಲಿ ಸಿಗುವ ಬ್ಯಾಶ್ 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದದ್ದು. ಮ್ಯಾಕ್‌ಗಳಲ್ಲಿ 2019ರಿಂದ ಝೆಡ್‌ಶೆಲ್ ರೂಢಿಯ ಶೆಲ್. ನಿಮ್ಮ ಮುಂದಿರುವುದು ಯಾವ ಶೆಲ್ ಎಂದು ತಿಳಿಯುವುದೇ ಮೊದಲ ಕೆಲಸ. ಏಕೆಂದರೆ ಬ್ಯಾಶ್ ಓದುವ ಫೈಲನ್ನು ಝೆಡ್‌ಶೆಲ್ ಓದುವುದಿಲ್ಲ.

‘ಕಮಾಂಡ್ ನಾಟ್ ಫೌಂಡ್’ ಎಂದರೆ ಪ್ರೋಗ್ರಾಂ ಕಂಪ್ಯೂಟರಿನಲ್ಲೇ ಇಲ್ಲ ಎಂದು ಅರ್ಥವಲ್ಲ. ಪಾತ್ ಎಂಬ ಪಟ್ಟಿಯಲ್ಲಿರುವ ಫೋಲ್ಡರುಗಳಲ್ಲಿ ಹುಡುಕಿದೆ, ಅಲ್ಲಿ ಸಿಗಲಿಲ್ಲ ಎಂದಷ್ಟೇ ಶೆಲ್ ಹೇಳುತ್ತಿದೆ. ಹುಡುಕಾಟ ಪಟ್ಟಿಯ ಎಡದಿಂದ ಬಲಕ್ಕೆ. ಒಂದೇ ಬೀದಿಯಲ್ಲಿ ಇಬ್ಬರು ಬಸವರಾಜರಿದ್ದರೆ ಮೊದಲ ಮನೆಯವರನ್ನೇ ಮಾತಾಡಿಸಿ ಹಿಂದಿರುಗುವ ಹಾಗೆ, ಎರಡು ಪೈಥಾನ್‌ಗಳಿದ್ದರೆ ಮೊದಲು ಸಿಕ್ಕಿದ್ದೇ ಓಡುತ್ತದೆ. ‘ಟೈಪ್’ ಕಮಾಂಡಿಗೆ ಮೈನಸ್ ಎ ಸೇರಿಸಿ ಪೈಥಾನ್ ಹೆಸರು ಕೊಟ್ಟರೆ ಎಲ್ಲ ಪ್ರತಿಗಳ ವಿಳಾಸವೂ ಸಾಲಾಗಿ ಬರುತ್ತದೆ. ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ಭಾರಿ ಹೆಸರಿನ ಹಿಂದಿರುವುದೂ ಇದೇ ಉಪಾಯ. ಅದನ್ನು ಆ್ಯಕ್ಟಿವೇಟ್ ಮಾಡಿದಾಗ ಅದರೊಳಗಿನ ಬಿನ್ ಫೋಲ್ಡರ್ ಪಾತ್ ಪಟ್ಟಿಯ ತಲೆಗೆ ಸೇರುತ್ತದೆ. 2023ರ ನಂತರದ ಉಬುಂಟು, ಡೆಬಿಯನ್‌ಗಳು ಪೈಥಾನ್ ಪ್ಯಾಕೇಜುಗಳ ಸಾಧನವಾದ ಪಿಪ್ ಮೂಲಕ ನೇರವಾಗಿ ಏನನ್ನೂ ಹಾಕಲು ಬಿಡದಿದ್ದಾಗ ಅನೇಕರು ಕಂಗಾಲಾದರು. ಆ ಎರರ್ ಸಂದೇಶವನ್ನು ಪೂರ್ತಿ ಓದಿದರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ ಎಂಬ ಪರಿಹಾರ ಅದರಲ್ಲೇ ಇದೆ.

ಪಾತ್‌ಗೆ ಹೊಸ ಫೋಲ್ಡರ್ ಸೇರಿಸುವಾಗ ಹಳೆಯ ಪಟ್ಟಿಯನ್ನು ಉಳಿಸಿಕೊಳ್ಳದೆ ಹೊಸದನ್ನಷ್ಟೇ ಬರೆದುಬಿಟ್ಟರೆ ‘ಎಲ್‌ಎಸ್’ ಕೂಡ ಸಿಗದಂತಾಗುತ್ತದೆ. ಕಂಪ್ಯೂಟರ್ ಕೆಟ್ಟೇಹೋಯಿತು ಎಂದು ಫಾರ್ಮ್ಯಾಟ್ ಮಾಡಿಸುವುದು ಇಂಥ ಹೊತ್ತಿನಲ್ಲೇ. ಏನೂ ಕೆಟ್ಟಿರುವುದಿಲ್ಲ. ಸ್ಲ್ಯಾಶ್ ಬಿನ್ ಸ್ಲ್ಯಾಶ್ ಎಲ್‌ಎಸ್ ಎಂದು ಪೂರ್ತಿ ವಿಳಾಸ ಕೊಟ್ಟರೆ ಅದು ಈಗಲೂ ಓಡುತ್ತದೆ. ತಪ್ಪು ಸಾಲನ್ನು ತಿದ್ದಿ ಹೊಸ ಟರ್ಮಿನಲ್ ತೆರೆದರೆ ಮುಗಿಯಿತು.

ತಿದ್ದುವುದು ಯಾವ ಫೈಲಿನಲ್ಲಿ? ಲಾಗಿನ್ ಆದಾಗ ಬ್ಯಾಶ್ ಓದುವುದು ಪ್ರೊಫೈಲ್ ಫೈಲನ್ನು. ಈಗಾಗಲೇ ಲಾಗಿನ್ ಆದ ಮೇಲೆ ಹೊಸ ಟರ್ಮಿನಲ್ ತೆರೆದಾಗ ಬ್ಯಾಶ್‌ಆರ್‌ಸಿಯನ್ನು. ಒಂದರಲ್ಲಿ ಬರೆದು ಇನ್ನೊಂದು ಕಡೆ ಕಾಯುತ್ತ ಕೂತವರೇ ಹೆಚ್ಚು. ಅನುಮಾನ ಬಂದರೆ ಬ್ಯಾಶ್ ಅನ್ನು ‘ನೋಆರ್‌ಸಿ’ ಆಯ್ಕೆಯೊಂದಿಗೆ ಚಾಲನೆ ಮಾಡಿ. ಆಗ ತೊಂದರೆ ಕಾಣಿಸದಿದ್ದರೆ ದೋಷ ನಿಮ್ಮ ಬ್ಯಾಶ್‌ಆರ್‌ಸಿಯಲ್ಲೇ ಇದೆ. ಅದರ ಅರ್ಧ ಸಾಲುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಉಳಿದರ್ಧವನ್ನು ಪರೀಕ್ಷಿಸಿ, ಮತ್ತೆ ಅರ್ಧ ಮಾಡುತ್ತ ಹೋದರೆ ನೂರು ಸಾಲಿನಲ್ಲಿ ಅಡಗಿದ ತಪ್ಪು ಏಳೇ ಪ್ರಯತ್ನಕ್ಕೆ ಸಿಗುತ್ತದೆ.

ಕನ್ನಡದ ಫೈಲು

ಈ ಭಾಗದ ವಿದ್ಯಾರ್ಥಿಯೊಬ್ಬ ಕಾಲೇಜು ಪ್ರಾಜೆಕ್ಟಿಗೆ ಚನ್ನಗಿರಿಯ ಅಡಿಕೆ ಧಾರಣೆಯನ್ನೋ ಜಗಳೂರಿನ ಮಳೆಯನ್ನೋ ಆರಿಸಿಕೊಳ್ಳುವುದು ಸಹಜ. ಆ ಮಾಹಿತಿಯಲ್ಲೇ ಬೇಕಾದಷ್ಟು ಸಿಕ್ಕುಗಳಿವೆ. ದಾವಣಗೆರೆ ಜಿಲ್ಲೆ ರಚನೆಯಾದ 1997ಕ್ಕೆ ಮುಂಚಿನ ದಾಖಲೆಗಳಲ್ಲಿ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿರುತ್ತದೆ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಲ್ಲಿ. ನ್ಯಾಮತಿ ತಾಲ್ಲೂಕಾದದ್ದು ಇತ್ತೀಚೆಗೆ, ಹೊನ್ನಾಳಿಯಿಂದ ಬೇರ್ಪಟ್ಟು. ಇಂಥ ಹಳೆಯ ಪಟ್ಟಿಗಳನ್ನು ಜೋಡಿಸಲು ಟರ್ಮಿನಲ್‌ಗಿಂತ ಒಳ್ಳೆಯ ಸಾಧನವಿಲ್ಲ. ಹೆಸರುಗಳು ಕನ್ನಡದಲ್ಲೇ ಇರುವಾಗ ಅವನ್ನು ಇಂಗ್ಲಿಷಿಗೆ ತಿರುಗಿಸಿ, ಒಬ್ಬೊಬ್ಬರು ಒಂದೊಂದು ಸ್ಪೆಲಿಂಗ್ ಬರೆದು ಗೊಂದಲ ಹೆಚ್ಚಿಸುವುದೇಕೆ?

ಮೊದಲ ತೊಡಕು ಕನ್ನಡದ್ದೇ ಅಲ್ಲ. ‘ಅಡಿಕೆ ಧಾರಣೆ’ ಎಂದು ನಡುವೆ ಜಾಗ ಬಿಟ್ಟು ಫೈಲಿಗೆ ಹೆಸರಿಟ್ಟರೆ ಶೆಲ್ ಅದನ್ನು ಎರಡು ಹೆಸರೆಂದು ತಿಳಿದು, ಅಡಿಕೆ ಸಿಗಲಿಲ್ಲ, ಧಾರಣೆ ಸಿಗಲಿಲ್ಲ ಎಂದು ಎರಡು ದೂರು ಕೊಡುತ್ತದೆ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅಥವಾ ಜಾಗದ ಬದಲು ಅಡಿಗೆರೆ ಹಾಕಿದರೆ ಸರಿಯಾಗುತ್ತದೆ. ಇಂಗ್ಲಿಷ್ ಹೆಸರಿಗೂ ಇದೇ ನಿಯಮ. ಬೈಯಿಸಿಕೊಳ್ಳುವುದು ಮಾತ್ರ ಕನ್ನಡ.

ಎರಡನೆಯದು ಲೊಕೇಲ್. ಯಾವ ಭಾಷೆ, ಯಾವ ಎನ್‌ಕೋಡಿಂಗ್ ಎಂದು ಪ್ರೋಗ್ರಾಂಗಳಿಗೆ ತಿಳಿಸುವ ವ್ಯವಸ್ಥೆ ಇದು. ಅದು ಬರೀ ‘ಸಿ’ ಎಂದಿದ್ದರೆ ಕನ್ನಡದ ಹೆಸರಿನ ಬದಲು ಎಲ್‌ಎಸ್ ಪರದೆಯ ಮೇಲೆ ಅಂಕಿಗಳ ಸರಣಿಯನ್ನು ಸುರಿಯುತ್ತದೆ, ಡಬ್ಲ್ಯೂಸಿ ಅಕ್ಷರ ಎಣಿಸಲು ಹೇಳಿದರೂ ಬೈಟ್‌ಗಳನ್ನೇ ಎಣಿಸುತ್ತದೆ. ‘ಲೊಕೇಲ್’ ಕಮಾಂಡ್ ಕೊಟ್ಟು ಉತ್ತರದಲ್ಲಿ ಯುಟಿಎಫ್-8 ಇದೆಯೇ ನೋಡಿ. ಕನ್ನಡದ ಲೊಕೇಲ್ ಲಿನಕ್ಸ್‌ನಲ್ಲಿ ಲಭ್ಯ. ಉಬುಂಟು, ಡೆಬಿಯನ್‌ಗಳಲ್ಲಿ ಒಮ್ಮೆ ತಯಾರಿಸಿಕೊಳ್ಳಬೇಕಷ್ಟೆ. ಅದನ್ನು ಆರಿಸಿಕೊಂಡರೆ ‘ಡೇಟ್’ ಕಮಾಂಡ್ ತಿಂಗಳ ಹೆಸರನ್ನು ಕನ್ನಡದಲ್ಲೇ ಹೇಳುತ್ತದೆ.

ವಿಂಗಡಣೆಯಲ್ಲೂ ಲೊಕೇಲ್‌ನ ಪಾತ್ರವಿದೆ. ಯುನಿಕೋಡ್ ಪಟ್ಟಿಯಲ್ಲಿ ‘ಳ’ ಕೂತಿರುವುದು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು. ಹಾಗಾಗಿ ಬರೀ ಬೈಟ್ ನೋಡಿ ವಿಂಗಡಿಸಿದರೆ ‘ಹಳ್ಳಿ’ ಮೊದಲು ಬಂದು ‘ಹಸಿರು’ ಆಮೇಲೆ ಬರುತ್ತದೆ. ನಮ್ಮ ನಿಘಂಟುಗಳಲ್ಲಿ ಕ್ರಮ ಇದಕ್ಕೆ ತಿರುಗಮುರುಗ. ಊರುಗಳ ಪಟ್ಟಿ ಮಾಡುವವರು ಇದನ್ನು ಗಮನಿಸಲೇಬೇಕು.

ಮೂರನೆಯದು ಹೊನ್ನಾಳಿಯವರಿಗೆ ವಿಶೇಷವಾಗಿ ಗೊತ್ತಿರಬೇಕಾದದ್ದು. ‘ಹೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳಾಗಿ ಬಿಡಿಸಿಯೂ ಇಡಬಹುದು. ಯುನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ, ಪರದೆಯ ಮೇಲೆ ಎರಡೂ ಒಂದೇ ಥರ. ಆದರೆ ಮೊದಲನೆಯದು 24 ಬೈಟ್, ಎರಡನೆಯದು 27. ಲಿನಕ್ಸ್‌ಗೆ ಇವು ಎರಡು ಬೇರೆ ಫೈಲ್‌ಗಳು; ಒಂದೇ ಫೋಲ್ಡರಿನಲ್ಲಿ ಎರಡು ‘ಹೊನ್ನಾಳಿ’ಗಳು ನೆಮ್ಮದಿಯಾಗಿ ಕೂರಬಲ್ಲವು. ಹಳೆಯ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ ಫೈಲ್ ಕಣ್ಣೆದುರೇ ಇದ್ದರೂ ಹುಡುಕಾಟಕ್ಕೆ ಸಿಗದಿದ್ದರೆ ಇದನ್ನು ಅನುಮಾನಿಸಿ. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿರುವ ‘ನಾರ್ಮಲೈಸ್’ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ.

ಇನ್ನು ಫೈಲುಗಳ ಬದಲಾವಣೆಯ ಜಾಡು ಇಡುವ ಗಿಟ್. ಕನ್ನಡದ ಹೆಸರಿನ ಫೈಲ್ ಬದಲಾಗಿದೆ ಎಂದು ತಿಳಿಸುವಾಗ ಅದು 340, 262, 263 ಎಂಬ ಅಂಕಿಗಳನ್ನು ಕಾರುತ್ತದೆ. ಕನ್ನಡದ ಬೈಟ್‌ಗಳನ್ನು ಎಂಟರ ಮೂಲದ ಸಂಖ್ಯೆಯಲ್ಲಿ ಬರೆದರೆ ಸಿಗುವುದು ಅದೇ. ಗಿಟ್‌ನ ಸೆಟ್ಟಿಂಗ್‌ಗಳಲ್ಲಿ ‘ಕೋರ್ ಕೋಟ್‌ಪಾತ್’ ಎಂಬುದನ್ನು ‘ಫಾಲ್ಸ್’ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಕನ್ನಡದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಮೊದಲ ದಿನವೇ ಮಾಡಿಕೊಳ್ಳಬೇಕಾದ ಬದಲಾವಣೆ ಇದು.

ಒತ್ತಕ್ಷರ ಒಡೆದು ಕಾಣುವುದು ಇವೆಲ್ಲಕ್ಕಿಂತ ಬೇರೆ. ಟರ್ಮಿನಲ್‌ನ ಪರದೆ ಸಮ ಅಳತೆಯ ಚೌಕಗಳ ಹಾಸು. ಇಂಗ್ಲಿಷ್ ಅಕ್ಷರಕ್ಕೆ ಒಂದು ಚೌಕ ಸಾಕು, ನಮ್ಮ ‘ನ್ನಾ’ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಆಗುತ್ತದೆ. ಎಂಎಲ್‌ಟರ್ಮ್‌ನಂಥ ಕೆಲವು ಟರ್ಮಿನಲ್‌ಗಳು ಭಾರತೀಯ ಲಿಪಿಗಳಿಗೆ ಬೆಂಬಲ ಕೊಡುತ್ತವೆ. ನಿಮ್ಮದು ಕೊಡದಿದ್ದರೂ ಗಾಬರಿ ಬೇಡ: ಅದೇ ಫೈಲ್ ಟೆಕ್ಸ್ಟ್ ಎಡಿಟರಿನಲ್ಲಿ ಸರಿಯಾಗಿ ತೆರೆದರೆ ಒಳಗಿನ ಬೈಟ್‌ಗಳು ಸರಿಯಾಗಿವೆ, ಕೆಟ್ಟಿರುವುದು ತೋರಿಕೆ ಮಾತ್ರ.

ಎಡಿಟರಿನಲ್ಲೂ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಬಂದರೆ ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಪಠ್ಯ ಇರಬಹುದು. ಪಂಚಾಯಿತಿ, ಶಾಲೆ, ಸಹಕಾರ ಸಂಘಗಳ ಹಳೆಯ ಫೈಲ್‌ಗಳು ಹೀಗಿದ್ದರೆ ಆಶ್ಚರ್ಯವಿಲ್ಲ. ಇವನ್ನು ಯುನಿಕೋಡ್‌ಗೆ ತರಲು ಅರವಿಂದ ವಿ.ಕೆ. ಅವರು ಪರಿವರ್ತಕವೊಂದನ್ನು ಬರೆದು ಮುಕ್ತವಾಗಿ ಕೊಟ್ಟಿದ್ದಾರೆ. ಟೈಪಿಂಗ್‌ಗೆ ಹೊಸ ಕೀಲಿಮಣೆ ಕಲಿಯಬೇಕಿಲ್ಲ. ನುಡಿಯವರಿಗೆ ಪರಿಚಿತವಾದ ಕೆಜಿಪಿ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ.

ಅಂದಹಾಗೆ, ಕನ್ನಡವೂ ಸೇರಿ ಜಗತ್ತಿನ ಲಿಪಿಗಳನ್ನೆಲ್ಲ ಹಿಡಿಸುವ ಈ ಯುಟಿಎಫ್-8 ಅನ್ನು 1992ರಲ್ಲಿ ರಾಬ್ ಪೈಕ್ ಜೊತೆ ರೂಪಿಸಿದವರು ಮೊದಲ ಶೆಲ್ ಬರೆದ ಅದೇ ಕೆನ್ ಥಾಂಪ್ಸನ್. ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟದ ತಟ್ಟೆಯಡಿ ಹಾಸುವ ಕಾಗದದ ಮೇಲೆ ಅದರ ವಿನ್ಯಾಸ ಮೂಡಿತು. ಕಪ್ಪು ಪರದೆ ಇಂಗ್ಲಿಷಿನವರ ಆಸ್ತಿ ಎಂಬ ಅಳುಕಿಗೆ ಆಧಾರವಿಲ್ಲ.

ವಾಟ್ಸ್‌ಆ್ಯಪ್, ಕರೆಂಟು, ಸಿಗ್ನಲ್ಲು

ವಿದ್ಯಾರ್ಥಿಗಳ ನಡುವೆ ಕಮಾಂಡುಗಳು ಓಡಾಡುವುದು ವಾಟ್ಸ್‌ಆ್ಯಪ್‌ನಲ್ಲಿ. ಎರಡು ನಕ್ಷತ್ರಗಳ ನಡುವೆ ಬಂದದ್ದನ್ನು ಅದು ದಪ್ಪಕ್ಷರ ಮಾಡಿ ನಕ್ಷತ್ರಗಳನ್ನು ಮರೆಮಾಡುತ್ತದೆ. ಕೆಲವು ಫೋನ್‌ಗಳ ಕೀಬೋರ್ಡುಗಳು ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತವೆ, ಎರಡು ಅಡ್ಡಗೆರೆಗಳನ್ನು ಒಂದು ಉದ್ದ ಗೆರೆ ಮಾಡುತ್ತವೆ. ಶೆಲ್‌ಗೆ ಇವೆಲ್ಲ ಬೇರೆ ಬೇರೆ ಅಕ್ಷರಗಳು. ಕಮಾಂಡನ್ನು ಟೆಕ್ಸ್ಟ್ ಫೈಲಾಗಿ ಕಳಿಸಿ. ಹಾಗೆಯೇ ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಬರೆದ ಸ್ಕ್ರಿಪ್ಟ್‌ನ ಸಾಲಿನ ಕೊನೆಯಲ್ಲಿ ಕಾಣದ ಒಂದು ಚಿಹ್ನೆ ಉಳಿಯುತ್ತದೆ. ಲಿನಕ್ಸ್ ಅದನ್ನು ಓಡಿಸುವಾಗ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದರೆ ‘ಡಾಸ್‌ಟುಯುನಿಕ್ಸ್’ ಬಳಸಿ ಅದನ್ನು ತೆಗೆಯಿರಿ.

ಕರೆಂಟಿನ ಕಥೆ ಹೀಗಿದೆ. ನೀವು ಕೊಟ್ಟ ಕಮಾಂಡುಗಳ ಇತಿಹಾಸವನ್ನು ಬ್ಯಾಶ್ ಫೈಲಿಗೆ ಬರೆಯುವುದು ಸಾಮಾನ್ಯವಾಗಿ ಶೆಲ್ ಮುಚ್ಚುವಾಗ. ಲ್ಯಾಬಿನಲ್ಲಿ ಕರೆಂಟು ಹೋದರೆ ಅಥವಾ ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಕೈಕೊಟ್ಟರೆ ಅಷ್ಟು ಹೊತ್ತಿನ ಜಾಡು ಹೋಯಿತು. ‘ಪ್ರಾಂಪ್ಟ್ ಕಮಾಂಡ್’ ಎಂಬ ವೇರಿಯಬಲ್‌ಗೆ ‘ಹಿಸ್ಟರಿ ಮೈನಸ್ ಎ’ ಎಂದು ಕೊಟ್ಟರೆ ಪ್ರತಿ ಕಮಾಂಡಿನ ಬಳಿಕವೂ ಅದು ಉಳಿಯುತ್ತದೆ. ಬಣ್ಣಬಣ್ಣದ ಪ್ರಾಂಪ್ಟ್‌ಗಿಂತ ನಮ್ಮ ಕಡೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಒಂದು ಸಾಲು.

ನೆಟ್‌ವರ್ಕ್ ಇಲ್ಲದಾಗಲೂ ಕಲಿಕೆ ನಿಲ್ಲಬೇಕಿಲ್ಲ. ‘ಮ್ಯಾನ್’ ಮತ್ತು ‘ಹೆಲ್ಪ್’ ಕಮಾಂಡುಗಳ ಕೈಪಿಡಿ ಡಿಸ್ಕ್‌ನಲ್ಲೇ ಇರುತ್ತದೆ. 1996ರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಪಿಸಿ ಕ್ವೆಸ್ಟ್ ಪತ್ರಿಕೆಯ ಸಿಡಿಯ ಮೂಲಕ ಲಿನಕ್ಸ್ ಅನ್ನು ಓದುಗರ ಕೈಗಿತ್ತಾಗ ಇಂಟರ್ನೆಟ್ ಅಪರೂಪದ ವಸ್ತು. ಆ ಪೀಳಿಗೆ ಕಲಿತದ್ದು ಈ ಕೈಪಿಡಿಗಳನ್ನು ಓದಿಯೇ. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳದ ಶಾಲಾ ವ್ಯವಸ್ಥೆ ಇಂದು ಕಂಪ್ಯೂಟರ್ ಕಲಿಸುವುದು ಗ್ನೂ ಲಿನಕ್ಸ್‌ನಲ್ಲಿ, ಕನ್ನಡದ ಪಠ್ಯಪುಸ್ತಕದೊಂದಿಗೆ. ಅಲ್ಲಿ ಆಗುವುದು ಜಗಳೂರಿನಲ್ಲಿ ಆಗದೇ?

ಪದವಿ ಕಾಲೇಜು, ಪಾಲಿಟೆಕ್ನಿಕ್‌ಗಳ ಅಧ್ಯಾಪಕರಲ್ಲಿ ಒಂದು ಕೇಳಿಕೆ. ಸೆಮಿಸ್ಟರಿನ ಒಂದು ಲ್ಯಾಬ್ ಅವಧಿಯನ್ನು ಕೆಡಿಸಿ ಸರಿಮಾಡುವುದಕ್ಕೇ ಕೊಡಿ. ವಿದ್ಯಾರ್ಥಿಗಳು ಪ್ರಯೋಗಕ್ಕೆಂದೇ ಇಟ್ಟ ಬೇರೆ ಖಾತೆಯಲ್ಲಿ ಪಾತ್ ಅಳಿಸಲಿ, ಲೊಕೇಲ್ ಬದಲಿಸಲಿ, ಎರರ್ ಸಂದೇಶವನ್ನು ಗಟ್ಟಿಯಾಗಿ ಓದಿ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಬ್ಯಾಶ್‌ಆರ್‌ಸಿಯಲ್ಲಿ ಹ್ಯಾಷ್ ಚಿಹ್ನೆಯ ನಂತರ ಬರೆದದ್ದನ್ನು ಶೆಲ್ ಓದುವುದಿಲ್ಲ, ಮನುಷ್ಯರಷ್ಟೇ ಓದುತ್ತಾರೆ. ತಾವು ಸೇರಿಸಿದ ಪ್ರತಿ ಸಾಲಿನ ಮೇಲೆ ಅದು ಏಕೆ ಬೇಕಾಯಿತೆಂದು ಕನ್ನಡದಲ್ಲಿ ಅಲ್ಲಿ ಬರೆದಿಡಲಿ. ಅಂಕ ಕೊಡುವುದಿದ್ದರೆ ಆ ಟಿಪ್ಪಣಿಗಳಿಗೆ ಕೊಡಿ.