ಸುಳ್ಳುಸುದ್ದಿಯ ಆಟವೂ ಆಕರವಿಮರ್ಶೆಯೂ

ಹದಿಹರೆಯದವರಿಗೆ ಸುಳ್ಳುಸುದ್ದಿಯ ಪರಿಚಯವಾಗಬೇಕಾದರೆ ಅವರ ಕೈಯಿಂದಲೇ ಅದನ್ನು ಹೆಣೆಯಿಸಬೇಕೆಂಬ ವಿಚಾರವು ಮೊದಲ ನೋಟಕ್ಕೆ ವಿಪರೀತವೆಂದು ತೋರಬಹುದು. ಇದರ ಬೇರು 1960ರ ದಶಕದ ಆರಂಭದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮೆಗ್ವಾಯರ್ ಮಂಡಿಸಿದ ಸಿದ್ಧಾಂತದಲ್ಲಿದೆ. ಲಸಿಕೆ ಪಡೆದ ದೇಹವು ರೋಗವನ್ನು ತಡೆಯುವಂತೆ, ಬಲಗುಂದಿಸಿದ ಕುವಾದವನ್ನು ಮೊದಲೇ ಎದುರಿಸಿದ ಮನಸ್ಸು ಪ್ರಬಲವಾದ ಕುವಾದವನ್ನೂ ತಡೆದುಕೊಳ್ಳಬಲ್ಲದು ಎಂಬುದು ಅದರ ಸಾರ.

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಯಾನ್ ರೋಜೆನ್‌ಬೇಕ್ ಮತ್ತು ಸ್ಯಾಂಡರ್ ವ್ಯಾನ್ ಡರ್ ಲಿಂಡೆನ್ ಅವರು ಈ ತತ್ತ್ವವನ್ನು ಆಟಕ್ಕೆ ಅಳವಡಿಸಿದರು. ನೆದರ್ಲೆಂಡ್ಸಿನ ಪ್ರೌಢಶಾಲೆಯೊಂದರ 95 ವಿದ್ಯಾರ್ಥಿಗಳೊಡನೆ ನಡೆದ ಮೊದಲ ಪ್ರಯೋಗದಲ್ಲಿ, ಆಡಿದ ಗುಂಪುಗಳು ಭೀತಿ ಹುಟ್ಟಿಸುವವನ, ಪಿತೂರಿ ಕಾಣುವವನ ಮುಂತಾದ ವೇಷ ತೊಟ್ಟು ಸುದ್ದಿ ರಚಿಸಿದವು. 2018ರಲ್ಲಿ ಡಚ್ ಸಂಸ್ಥೆಯೊಂದರ ಸಹಯೋಗದಿಂದ 'ಬ್ಯಾಡ್ ನ್ಯೂಸ್' ಎಂಬ ಗಣಕಯಂತ್ರದ ಆಟ ಹೊರಬಂದಿತು. ಸೋಗು ಹಾಕುವುದು, ಭಾವೋದ್ರೇಕ, ಸಮಾಜವನ್ನು ಎರಡಾಗಿ ಸೀಳುವುದು, ಪಿತೂರಿಯ ಕಥನ, ಟೀಕಿಸಿದವರ ಹೆಸರು ಕೆಡಿಸುವುದು, ಕೆಣಕುವುದು ಎಂಬ ಆರು ತಂತ್ರಗಳನ್ನು ಬಳಸಿ ಆಟಗಾರನು ಹಿಂಬಾಲಕರನ್ನು ಗಳಿಸುತ್ತ ಹೋಗುತ್ತಾನೆ.

ಆದರೆ ಸುಳ್ಳನ್ನು ಸುಳ್ಳೆಂದವರನ್ನು ಮಾತ್ರ ಎಣಿಸಿದರೆ ಸಾಲದು. ನಿಜವನ್ನು ನಿಜವೆಂದವರೆಷ್ಟು ಎಂಬುದನ್ನೂ ನೋಡಬೇಕಷ್ಟೆ. ಮೊಡಿರೂಸ್ಟಾ-ಗಾಲಿಯನ್ ಮತ್ತು ಹೈಯಮ್ ಅವರು 2023ರಲ್ಲಿ ಇಂಥ ಆಟಗಳ ಹಳೆಯ ಅಂಕಿಅಂಶಗಳನ್ನು ಪುನಃ ಪರಿಶೀಲಿಸಿದಾಗ, ಆಡಿದವರ ವಿವೇಚನೆ ಹರಿತವಾಗಿರಲಿಲ್ಲ, ಸಂಶಯವೇ ಒಟ್ಟಾರೆ ಬೆಳೆದಿತ್ತೆಂದು ಕಂಡುಬಂದಿತು. ನಿಜವಾದ ಸುದ್ದಿಯೂ ಅವರ ಅಪನಂಬಿಕೆಗೆ ಗುರಿಯಾಗಿತ್ತು.

ಚರಿತ್ರೆಯ ವಿದ್ಯಾರ್ಥಿಗೆ ಈ ತೊಡಕು ಹೊಸದಲ್ಲ. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟರು ಲಿಪಿ, ಕಾಲಗಣನೆಗಳ ಆಧಾರದಿಂದ ತಳ್ಳಿಹಾಕಿದರು, ಬಿ. ಎಲ್. ರೈಸರು ಅದನ್ನು ಬಲವಾಗಿ ಪ್ರತಿಭಟಿಸಿದರು. ಕಡೆಗೆ ಪೆನುಕೊಂಡದ ತಾಮ್ರಪಟವನ್ನು ಫ್ಲೀಟರೇ ಅಕೃತ್ರಿಮವೆಂದು ಒಪ್ಪಬೇಕಾಯಿತು. ಎಲ್ಲ ಪಟಗಳನ್ನೂ ಕೂಟವೆಂದು ಬಿಸುಟಿದ್ದರೆ ಗಂಗರ ಆದಿಚರಿತ್ರೆಗೆ ಏನು ಉಳಿಯುತ್ತಿತ್ತು? ಸಂಶಯಪಡುವುದು ಆಕರವಿಮರ್ಶೆಯ ಅರ್ಧಭಾಗ ಮಾತ್ರವೆಂದು ನನ್ನ ಅಭಿಪ್ರಾಯ.

ಆಟದ ಕರ್ತೃಗಳೂ ಈ ಆಕ್ಷೇಪವನ್ನು ಅಲಕ್ಷಿಸಲಿಲ್ಲ. ಸುದ್ದಿಗಳನ್ನು ವಿಂಗಡಿಸಿ, ತೀರ್ಪು ಸರಿಯೋ ತಪ್ಪೋ ಎಂಬುದನ್ನು ತಿಳಿದುಕೊಳ್ಳುವ ಅಭ್ಯಾಸವನ್ನು ಆಟಕ್ಕೆ ಜೋಡಿಸಿದಾಗ ವಿವೇಚನೆಯೇ ವೃದ್ಧಿಸಿತೆಂದು 2024ರ ಅಧ್ಯಯನವೊಂದು ತೋರಿಸಿದೆ. ಗಣಕಯಂತ್ರವಿಲ್ಲದ ತರಗತಿಯಲ್ಲಿ ಇದನ್ನು ಚೀಟಿಗಳಿಂದಲೂ ಮಾಡಿಸಬಹುದು. ಆದರೆ ಚೀಟಿಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದು ವಿದ್ಯಾರ್ಥಿಗಳಿಗೆ ಮೊದಲೇ ತಿಳಿದಿರಬಾರದು. ನಿಜವನ್ನು ತಳ್ಳಿಹಾಕಿದವನಿಗೂ ಸುಳ್ಳನ್ನು ನಂಬಿದವನಷ್ಟೇ ಅಂಕಗಳು ಕಳೆಯಬೇಕು.