ಟ್ಯಾಮನಿ ಬೆಟ್ಟದ ಮೇಲೊಂದು ಹಗಲು

ಪೋಕೊನೋಸ್ ಕಡೆಗೆ ಕಾರು ಓಡಿಸಿದ ನಮ್ಮ ಕೂಟದ ಸದಸ್ಯರೆಲ್ಲ ಡೆಲವೇರ್ ವಾಟರ್ ಗ್ಯಾಪನ್ನು ನೋಡಿಯೇ ಇರುತ್ತೀರಿ, ಆದರೆ ಕಾರಿನ ಕಿಟಕಿಯಿಂದ. ಇಂಟರ್‌ಸ್ಟೇಟ್ 80 ನದಿಯ ಪಕ್ಕದಲ್ಲೇ ಬೆಟ್ಟದ ಸಂದಿಯೊಳಗೆ ನುಗ್ಗುತ್ತದೆ. ಎರಡು ನಿಮಿಷದಲ್ಲಿ ಪೆನ್ಸಿಲ್ವೇನಿಯಾ ಬಂದುಬಿಡುತ್ತದೆ. ಸಂದಿಯ ನ್ಯೂಜೆರ್ಸಿ ಬದಿಯ ಬೆಟ್ಟಕ್ಕೆ ಟ್ಯಾಮನಿ ಎಂದು ಹೆಸರು, ಎದುರಿನದು ಮಿನ್ಸಿ. ಎರಡೂ ಈ ನೆಲದ ಮೂಲನಿವಾಸಿಗಳಾದ ಲೆನಾಪೆ ಜನರಿಂದ ಬಂದ ಹೆಸರುಗಳು.

ಅಕ್ಟೋಬರಿನ ಒಂದು ಮಂಗಳವಾರ ರಜೆ ಹಾಕಿ, ಊರಿನಿಂದ ಬಂದಿದ್ದ ಮಾವನವರನ್ನು ಕರೆದುಕೊಂಡು ನಾವು ಟ್ಯಾಮನಿ ಹತ್ತಿದೆವು. ವಾರಾಂತ್ಯದಲ್ಲಿ ಹೋದರೆ ಕಾರು ನಿಲ್ಲಿಸಲೂ ಜಾಗ ಸಿಗುವುದು ಕಷ್ಟ. ಕೆಂಪು ಗುರುತಿನ ದಾರಿಯಲ್ಲಿ ಹತ್ತಿ ನೀಲಿ ಗುರುತಿನ ದಾರಿಯಲ್ಲಿ ಇಳಿದರೆ ಒಟ್ಟು ಸುಮಾರು 3.5 ಮೈಲಿ. ಏರು ಮಾತ್ರ ಸುಮಾರು 1,200 ಅಡಿ; ಅಲ್ಲಲ್ಲಿ ಕೈಯೂರಿಯೇ ಹತ್ತಬೇಕು. ಎಪ್ಪತ್ತರ ಹತ್ತಿರದ ಮಾವನವರು ಸಾಗರದ ಕಡೆಯ ಅಡಿಕೆ ಬೆಳೆಗಾರರು, ನಮಗಿಂತ ಮುಂದಿದ್ದರು.

ಕಾಲಡಿಯ ಕಲ್ಲಿನ ಬಗ್ಗೆ ರಸಾಯನಶಾಸ್ತ್ರದವರಾದ ನಾವು ಒಂದು ಮಾತು ಹೇಳದೆ ಇರಲಾರೆವು. ಇದು ಕ್ವಾರ್ಟ್‌ಸೈಟ್, ನಮ್ಮ ಬೆಣಚುಕಲ್ಲಿನ ಬಳಗದ್ದು. ಮಳೆನೀರಿನ ಅಲ್ಪ ಆಮ್ಲಕ್ಕೆ ಸುಣ್ಣಕಲ್ಲು ಕರಗುತ್ತದೆ, ಇದು ಜಗ್ಗುವುದಿಲ್ಲ. ಆಚೀಚಿನ ಮೆದು ಕಲ್ಲೆಲ್ಲ ಸವೆದು ಕಣಿವೆಯಾದರೂ ಈ ಏಣು ನಿಂತಿರುವುದು ಅದಕ್ಕೇ.

ಮೇಲಿನ ಬಂಡೆಯಿಂದ ನದಿಯ ತಿರುವು, ಎದುರಿಗೆ ಮಿನ್ಸಿ, ಸುತ್ತ ಕೆಂಪು ಹಳದಿ ಕಾಡು. ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾ ಮಾವನವರು ಕೇಳಿದರು: "ಇಷ್ಟು ಒಳ್ಳೆ ನೀರು, ನೆಲ. ಮನೆಗಳೇ ಕಡಿಮೆಯಲ್ಲ?"

ಕಾರಣವಿದೆ. 1955ರ ಆಗಸ್ಟಿನಲ್ಲಿ ಡೆಲವೇರ್‌ಗೆ ಮಹಾಪೂರ ಬಂದು ಬಹಳ ಜನ ಸತ್ತರು. ಇಲ್ಲಿಂದ ಕೆಲವೇ ಮೈಲಿ ಮೇಲೆ, ಟಾಕ್ಸ್ ಐಲೆಂಡ್ ಎಂಬಲ್ಲಿ ಅಣೆಕಟ್ಟು ಕಟ್ಟಲು 1962ರಲ್ಲಿ ಕಾಂಗ್ರೆಸ್ ಒಪ್ಪಿತು. ಜಲಾಶಯದ ಉದ್ದ 37 ಮೈಲಿ ಆಗಬೇಕಿತ್ತು. ಸರ್ಕಾರ ಮನೆ, ಹೊಲಗಳನ್ನು ಕೊಂಡಿತು, ಒಪ್ಪದವರನ್ನೂ ಎಬ್ಬಿಸಿತು. ಅಷ್ಟರಲ್ಲಿ ವಿರೋಧ ಬೆಳೆಯಿತು. ಖರ್ಚು ಏರಿತು. ಹೊಲಗಳಿಂದ, ಕೊಟ್ಟಿಗೆಗಳಿಂದ ಹರಿದುಬರುವ ರಂಜಕ ನಿಂತ ನೀರಿನಲ್ಲಿ ಸೇರಿದರೆ ಪಾಚಿ ಬೆಳೆದು ಜಲಾಶಯ ಹಸಿರು ಗಂಜಿಯಾಗುತ್ತದೆಂಬ ಆತಂಕವೂ ಇತ್ತು, ಅದು ನಿಜವಾದ ಆತಂಕವೇ. 1975ರಲ್ಲಿ ನದೀ ಆಯೋಗದ ನಾಲ್ಕು ರಾಜ್ಯಗಳಲ್ಲಿ ಮೂರು ಬೇಡವೆಂದವು. 1992ರಲ್ಲಿ ಕಾಂಗ್ರೆಸ್ ಅನುಮತಿಯನ್ನೇ ರದ್ದು ಮಾಡಿತು. ಕೊಂಡ ನೆಲ ರಾಷ್ಟ್ರೀಯ ವಿಹಾರಧಾಮವಾಗಿ ಉಳಿಯಿತು. ನಾವು ಸವಿಯಲು ಬಂದ ನಿಶ್ಶಬ್ದದಲ್ಲಿ ಅದರದ್ದೂ ಪಾಲಿದೆ.

ಮಾವನವರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮುಳುಗಿದ ಮನೆಗಳಲ್ಲಿ ಅವರದ್ದೂ ಒಂದು. ಆಗ ಅವರು ಸಣ್ಣ ಹುಡುಗ.

"ಕಟ್ಟೆ ಕಟ್ಟಲಿಲ್ಲವೆಂದ ಮೇಲೆ ಮನೆ ವಾಪಸ್ ಕೊಟ್ಟರಾ?"

ಕೊಡಲಿಲ್ಲ ಎಂದೆವು.

"ನಮ್ಮದು ಮುಳುಗಿದ್ದಕ್ಕೆ ಊರಿಗೆಲ್ಲ ಕರೆಂಟಾದರೂ ಬಂತು. ನಮ್ಮ ಪುನರ್ವಸತಿ ಮನೆಗೆ ಅದು ಬರಲು ವರ್ಷಗಳೇ ಹಿಡಿದವು, ಆ ಮಾತು ಬೇರೆ" ಎಂದು ನಕ್ಕರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಅಣೆಕಟ್ಟು ನಿಂತದ್ದು ಒಳ್ಳೆಯದೇ ಎಂದು ಅದುವರೆಗೆ ಸಲೀಸಾಗಿ ಹೇಳುತ್ತಿದ್ದ ನಮಗೂ ಆಗ ಹೇಳಲು ಬಾಯಿ ಬರಲಿಲ್ಲ.

ನೀಲಿ ದಾರಿ ಕೊನೆಗೆ ಡನ್‌ಫೀಲ್ಡ್ ಹಳ್ಳದ ಪಕ್ಕಕ್ಕೆ ಇಳಿಯುತ್ತದೆ. ಹೆದ್ದಾರಿಯ ಸದ್ದು ಅಲ್ಲಿ ನೀರಿನ ಸದ್ದಿನಲ್ಲಿ ಅಡಗುತ್ತದೆ. (ಹೋಗುವವರು ಉದ್ದ ಕಾಲುಚೀಲ ಹಾಕಿಕೊಳ್ಳಿ, ಉಣ್ಣೆಗಳ ಕಾಟವಿದೆ.) ಕೆಳಗೆ ಬಂದ ಮೇಲೆ ಮಾವನವರು ಅಂಥ ಒಂದು ಮನೆ ನೋಡಬೇಕೆಂದರು. ಕಣಿವೆಯ ಹಳೆಯ ರಸ್ತೆಯಲ್ಲಿ ಕಿಟಕಿಗಳಿಗೆ ಹಲಗೆ ಬಡಿದಿದ್ದ ಮನೆಯೊಂದು ಸಿಕ್ಕಿತು. ಅವರು ಒಳಗೆ ಇಣುಕಲಿಲ್ಲ. ಹಿಂದೆ ಹೋಗಿ ಹುಲ್ಲು ಸರಿಸಿ, ಬಾವಿ ಎಲ್ಲಿತ್ತೆಂದು ಹುಡುಕತೊಡಗಿದರು.